ಏಳನೆಯ ಕೊಕ್ಕೆ

ಜೂನ್ 3, ಬೆಳಗ್ಗೆ
ಷಟರ್ ಎತ್ತಿದೆ. ಗುಡಿಸಿದ್ದಾಯಿತು. ಬೀರು ತೆಗೆದೆ. ನಕಲು ಮಾಡಿಕೊಡಿ ಎಂದು ಗಿರಾಕಿಗಳು ಬಿಟ್ಟುಹೋದ ಬೀಗದ ಕೈಗಳು, ಸಾಲಾಗಿ. ಎಲ್ಲದರ ಹಲ್ಲೂ ಎಡಕ್ಕೆ. ಹಾಗೆ ತೂಗುಹಾಕುವುದು ನನ್ನ ಚಟ, ಯಾರಿಗೂ ಹೇಳಿದ್ದಿಲ್ಲ. ಏಳನೆಯ ಕೊಕ್ಕೆಯದು ಬಲಕ್ಕೆ ತಿರುಗಿದೆ.

ತೆಗೆದು ನೋಡಿದೆ. ಹಲ್ಲಿನ ಸಂದಿಯಲ್ಲಿ ಮೇಣದ ಚೂರು. ಯಾರೋ ಅಚ್ಚು ತೆಗೆದಿದ್ದಾರೆ.

ಬೀರು ಮುರಿದಿಲ್ಲ. ಅದರ ಕೀ ಇರುವುದು ನನ್ನ ಬಳಿ, ತಮ್ಮನ ಬಳಿ, ಅಂಗಡಿಯಲ್ಲಿ ಕೆಲಸಕ್ಕಿರುವ ಮೇಸ್ತ್ರಿಯ ಬಳಿ. ನನ್ನದು ರಾತ್ರಿ ಮನೆಯ ಮೊಳೆಗೆ... ಅಂದರೆ ಮಗಳ ಕೈಗೂ ಎಟುಕುತ್ತದೆ.

ಏಳನೆಯದು ಔಷಧದ ಗೋದಾಮಿನದು. ಅಲ್ಲಿ ಕಳವಾದರೆ ಮೊದಲು ಮುಚ್ಚುವುದು ನನ್ನ ಅಂಗಡಿ. ಬೀಗದವನ ಮನೆಯ ಬೇಲಿಯೇ ಹೊಲ ಮೇಯ್ದರೆ ಊರಿಗೆ ಏನು ಹೇಳಲಿ? "ನಿಮ್ಮ ಬೀಗ ಸವೆದಿದೆ ಸಾರ್" ಎಂದು ಗೋದಾಮಿಗೆ ಹೊಸದನ್ನೇ ಹಾಕಿಕೊಟ್ಟೆ. ಅವರಿಗೆ ಸಂತೋಷ. ಖರ್ಚು ನನ್ನದು.

ಜೂನ್ 5
ಮಗಳ ಬೆರಳು ಕರ್ರಗಿವೆ. ಊಟಕ್ಕೆ ಕೂತಾಗ ಕಂಡೆ.

"ಏನಿದು?"
"ಸಿಲ್ವರ್ ನೈಟ್ರೇಟ್ ಅಪ್ಪ. ಲ್ಯಾಬಲ್ಲಿ ಸಿಡೀತು. ಹಚ್ಚಿದಾಗ ನೀರಿನ ಹಾಗಿರುತ್ತೆ, ಬೆಳಕಿಗೆ ಬಂದರೆ ಕಪ್ಪು. ತೊಳೆದರೂ ಹೋಗಲ್ಲ."

ಕಾಲೇಜಿನಲ್ಲಿ ಅವಳದು ಎರಡು ವಿಷಯ, ಕ್ರಿಮಿನಲ್ ಜಸ್ಟೀಸ್ ಮತ್ತು ಕೆಮಿಸ್ಟ್ರಿ. ಒಂದು ಕಳ್ಳರನ್ನು ಹಿಡಿಯುವ ಪಾಠ, ಇನ್ನೊಂದು ಕೈ ಸುಟ್ಟುಕೊಳ್ಳುವ ಪಾಠ. ಅಚ್ಚು ತೆಗೆಯುವುದನ್ನೂ ಅಲ್ಲೇ ಕಲಿಸುತ್ತಾರೋ ಏನೋ. ಮಗಳಾದರೇನು, ಅನುಮಾನಕ್ಕೆ ನೆಂಟಸ್ತಿಕೆ ಇಲ್ಲ.

ಜೂನ್ 8
"ಅಣ್ಣ, ಮೇಸ್ತ್ರಿ ಕೈ ಸ್ವಲ್ಪ ಜಾಸ್ತಿನೇ ಚುರುಕು" ಎಂದು ತಮ್ಮ ಮೂರು ಸಲ ಹೇಳಿದ. ನನಗೂ ಹಾಗೇ ಅನ್ನಿಸಿತ್ತು. ನಾಳೆಯಿಂದ ಬರಬೇಡ ಎಂದೆ.

ಮೇಸ್ತ್ರಿ ಅರ ಒರೆಸಿ ಚೀಲಕ್ಕೆ ಹಾಕಿಕೊಂಡ. ಬೀರುವಿನ ಕೀ ಗಲ್ಲಾದ ಮೇಲಿಟ್ಟ. "ಚೀಲ ನೋಡಿಬಿಡಿ ಯಜಮಾನ್ರೇ. ಆಮೇಲೆ ನೆನಪಾಗಿ ರಸ್ತೇಲಿ ಕೂಗೋದು ಬೇಡ."

ನೋಡಿದೆ. ನೋಡಬಾರದಿತ್ತು.

ಮಗಳು ರೇಗಿದಳು. "ಅನುಮಾನ ಸಾಕ್ಷಿ ಅಲ್ಲ ಅಂತ ನಮಗೆ ಮೊದಲನೇ ಕ್ಲಾಸಲ್ಲೇ ಹೇಳ್ತಾರೆ."
"ಫೀಸು ಕಟ್ಟಿದವನಿಗೇ ಪಾಠವೇನಮ್ಮ?"
ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಜೂನ್ 14
ಹೊಸ ಗಿರಾಕಿ. ಕನ್ನಡಕದ ಹುಡುಗಿ. ಚಿನ್ನದಂಗಡಿಯ ಲಾಕರ್ ಕೋಣೆಯದಂತೆ, ನಾಡಿದ್ದು ಬರುತ್ತಾಳಂತೆ. ಅಂಗಡಿ ತುಂಬ ಜನರಿರುವಾಗ ಬಾಯಿ ಬಿಟ್ಟು ಹೇಳಿಬಿಟ್ಟಳು, ಹುಚ್ಚಿ. ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಕಟ್ಟಿದ ಕೀ. ದಾರ ಹಿಡಿದು ಇಳಿಬಿಟ್ಟುಕೊಂಡೇ ಕೊಟ್ಟಳು. ಏಳನೆಯ ಕೊಕ್ಕೆ ಖಾಲಿ ಇತ್ತು. ಹಾಕಿದೆ, ಹಲ್ಲು ಎಡಕ್ಕೆ.

ಜೂನ್ 15, ಬೆಳಗ್ಗೆ
ಹಲ್ಲು ಬಲಕ್ಕೆ. ಮತ್ತೆ ಮೇಣ.
ಮೇಸ್ತ್ರಿ ವಾರದಿಂದ ಈ ಕಡೆ ತಲೆ ಹಾಕಿಲ್ಲ.
ಏನು ಮಾಡಿಬಿಟ್ಟೆ...

ಅದೇ ದಿನ, ಸಂಜೆ
ನನ್ನ ಹೆಬ್ಬೆರಳು ಕಪ್ಪು! ತೋರುಬೆರಳೂ. ಸೋಪಿಗೆ ಜಗ್ಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮನೆಗೆ ಬಂದೆ. ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು.

"ಕೈ ತೋರಿಸಿ ಅಪ್ಪ."
"ನನ್ನ ಮೇಲೂ ಅನುಮಾನವಾ?"
"ಎಲ್ಲರ ಮೇಲೂ. ನಿಮ್ಮಿಂದಲೇ ಕಲಿತದ್ದು."

ಕನ್ನಡಕದ ಹುಡುಗಿ ಇವಳ ಕ್ಲಾಸ್‌ಮೇಟ್. ಆ ಕೀ ಯಾವ ಬಾಗಿಲನ್ನೂ ತೆರೆಯುವುದಿಲ್ಲ. ಸಿಲ್ವರ್ ನೈಟ್ರೇಟನ್ನು ಕೀಯ ಹಿತ್ತಾಳೆಗೆ ಹಚ್ಚಿದರೆ ಹಿತ್ತಾಳೆಯೇ ಕಪ್ಪಾಗಿ ಗುಟ್ಟು ರಟ್ಟಾಗುತ್ತದೆಂದು ಮಗಳು ಬಿಲ್ಲೆಗೆ ಬಳಿದಿದ್ದಳಂತೆ.

"ನಿಮ್ಮದು ಎರಡು ಬೆರಳ ತುದಿ, ನೇತುಹಾಕಿದ ಗುರುತು. ಮೇಣಕ್ಕೆ ಒತ್ತಬೇಕಾದರೆ ಬಿಲ್ಲೇನ ಅಂಗೈಯಲ್ಲಿ ಬಿಗಿಯಾಗಿ ಹಿಡೀಬೇಕು. ನಾಳೆ ಅಂಗೈ ನೋಡೋಣ."

ಉಳಿದವನು ಒಬ್ಬನೇ.

ಜೂನ್ 16, ಬೆಳಗ್ಗೆ
ತಮ್ಮ ಬಂದ. ಬಲಗೈಗೆ ಬೆರಳ ತುದಿಯವರೆಗೂ ಬಟ್ಟೆ.
"ಬಿಸಿನೀರು ಬಿತ್ತು ಅಣ್ಣ." ನಾನಿನ್ನೂ ಕೇಳಿರಲಿಲ್ಲ.

ಒಳಗೆ ಕೂತು ಬರೆಯುತ್ತಿದ್ದೇನೆ. ಅವನು ಮುಂದೆ ಎಡಗೈಯಲ್ಲೇ ಬೀಗ ತೋರಿಸಿ ವ್ಯಾಪಾರ ಮಾಡುತ್ತಿದ್ದಾನೆ. ಮಾತು ನನ್ನದೇ, ನಗುವೂ ನನ್ನದೇ. ಎಲ್ಲ ನಾನೇ ಕಲಿಸಿದ್ದು. ಅಮ್ಮ ಹೋದಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ.

ನಿಜವಾಗಿಯೂ ಸುಟ್ಟಿರಬಹುದು. ಸುಟ್ಟಿರಲಿ, ದೇವರೇ.

ಮಗಳು ಮೇಸ್ತ್ರಿಯನ್ನು ಕರೆದುಕೊಂಡು ಬರುತ್ತಿದ್ದಾಳೆ. ಅವನ ಚೀಲ ಬಿಚ್ಚಿ ನೋಡಿದ ಕೈ ನನ್ನದು. ಅವನೆದುರಿಗೇ ಈ ಬಟ್ಟೆಯನ್ನೂ...

"ಅಣ್ಣ, ಒಂದು ಕೈಲಿ ಆಗ್ತಿಲ್ಲ. ಸ್ವಲ್ಪ ಬಾರೋ."

ಹೋಗಬೇಕು. ಗಂಟು ಹಲ್ಲಿನಿಂದ ಕಚ್ಚಿ ಬಿಗಿದುಕೊಂಡಿದ್ದಾನೆ, ಬಿಚ್ಚುವುದು ಕಷ್ಟ. ಮೇಸ್ತ್ರಿಯ ದನಿ ಕೇಳಿಸುತ್ತಿದೆ. ಅವರು ಒಳಗೆ ಬರುವ ಮೊದಲೇ ನಾನೇ ಬಿಚ್ಚಿ ನೋಡಬೇಕು—