ಹಿಂದಿನ ಕೋಣೆಯ ರಜೆ

ಉಪ್ಪುಂದ
8 ಫೆಬ್ರುವರಿ 2025

ಪ್ರೀತಿಯ ಅತ್ತೆಗೆ,

ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಕುಳಿತು ನಿಮ್ಮ ಸೊಸೆ ಬರೆಯುತ್ತಿದ್ದಾಳೆ. ದಿನಾ ಸಂಜೆ ಫೋನಿನಲ್ಲಿ ಮಾತನಾಡುವಾಗ ಈ ಕಾಗದ ಯಾಕೆ ಎಂದು ನಿಮಗೆ ಅನ್ನಿಸಬಹುದು. ಮುಂಬೈಯಲ್ಲಿ ನಿಮ್ಮ ಮಗಳು ವಿಜೇತಾ ಸ್ಪೀಕರ್ ಹಾಕಿಯೇ ಫೋನು ಕೊಡುವುದು. ನಾನು ಇಲ್ಲಿ ಹೇಳಿದ್ದು ಅವಳಿಗೆ, ಅವಳ ಗಂಡನಿಗೆ, ಒಂದೊಂದು ದಿನ ಪಕ್ಕದ ಫ್ಲ್ಯಾಟಿನವರಿಗೂ ಕೇಳುತ್ತದೆ. ಇದು ನಿಮಗೊಬ್ಬರಿಗೇ ಹೇಳಬೇಕಾದದ್ದು. ಕಣ್ಣಿನ ಆಪರೇಷನ್ ಆದ ಮೇಲೆ ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದಿರಲ್ಲ, ಅದಕ್ಕೇ ಧೈರ್ಯ ಮಾಡಿದೆ. ಇಂಗ್ಲಿಷ್ ಮೀಡಿಯಮ್ಮಿನವಳ ಕನ್ನಡ, ಒತ್ತು ದೀರ್ಘ ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ.

ನಾನು ಬ್ರಹ್ಮಾವರದಿಂದ ಈ ಮನೆಗೆ ಬಂದ ಮೊದಲ ತಿಂಗಳು ನಿಮಗೆ ನೆನಪಿರಬೇಕು. ಮುಟ್ಟಾದ ಮೂರು ದಿನ ಅಡುಗೆಮನೆಗೆ ಬರಬಾರದು, ದೇವರ ಕೋಣೆಯ ಕಡೆ ಹೋಗಬಾರದು, ಯಾರನ್ನೂ ಮುಟ್ಟಬಾರದು, ಹಿಂದಿನ ಕೋಣೆಯಲ್ಲಿ ಇರಬೇಕು ಎಂದಾಗ ಎಷ್ಟು ವಾದ ಮಾಡಿದ್ದೆ. ಇದು ಹೆಣ್ಣಿಗೆ ಅವಮಾನ ಎಂದಿದ್ದೆ. ನೀವು ಬೇಸರ ಮಾಡಿಕೊಳ್ಳದೆ, ಶಾಲೆಗೆ ರಜೆ ಇರುವುದಿಲ್ಲವಾ, ಹಾಗೇ ಅಂದುಕೋ ಎಂದಿರಿ. ನನಗೆ ಇನ್ನಷ್ಟು ಸಿಟ್ಟು ಬಂದಿತ್ತು. ಮುಂದೆ ಚಂದನಾ ದೊಡ್ಡವಳಾದಾಗ, ನನ್ನ ಮಗಳು ಹೊರಗೆ ಕೂರುವುದಿಲ್ಲ ಎಂದೆ. ನೀವು ಒಪ್ಪಿದಿರಿ. ಆದರೆ ನಾನು ಮಾತ್ರ ಕೂರುವುದನ್ನು ಬಿಡಲಿಲ್ಲ. ಅತ್ತೆಯ ಮನಸ್ಸಿಗೆ ನೋವಾಗಬಾರದು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದು ಪೂರ್ತಿ ನಿಜವಲ್ಲ ಅತ್ತೆ. ಆ ಮೂರು ದಿನ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಊಟದ ತಟ್ಟೆ ಬಾಗಿಲ ಹತ್ತಿರ ಬರುತ್ತಿತ್ತು. ಅದು ಒಳ್ಳೆಯ ಪದ್ಧತಿ ಎಂದು ನಾನು ಈಗಲೂ ಹೇಳುವುದಿಲ್ಲ. ನನಗೆ ಬೇಕಾಗಿತ್ತು, ಅಷ್ಟೇ.

ಕಳೆದ ಜೂನ್‌ನಿಂದ ಮುಟ್ಟು ನಿಂತಿತು. ಚೌತಿಯ ದಿನ ನಿಮ್ಮ ತಂಗಿ ಪದ್ದು ಚಿಕ್ಕಿ ಎಲ್ಲರ ಎದುರಿಗೇ ನನ್ನ ಬೆನ್ನು ತಟ್ಟಿ, ಇನ್ನು ನೀನು ಗೆದ್ದೆ, ಹಬ್ಬಕ್ಕೆ ಪೂಜೆಗೆ ಯಾವುದಕ್ಕೂ ಅಡ್ಡಿಯಿಲ್ಲ ಎಂದರು. ನಾನೂ ನಕ್ಕೆ. ನಗುತ್ತಲೇ ಲೆಕ್ಕ ಹಾಕಿದೆ: ಇನ್ನು ಸಾಯುವವರೆಗೆ ಪ್ರತಿ ದಿನವೂ ಒಲೆಯ ಮುಂದೆ ನಾನೇ.

ಆ ದಿನಗಳಲ್ಲಿ ನನಗೆ ಏನಾಗಿತ್ತು ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಇವರು ಒಳ್ಳೆಯವರು, ಬಲೆ ಹಗ್ಗದ ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಕೊರತೆ ಏನು ಎಂದು ಕೇಳಿದರೆ ತೋರಿಸಲು ಏನೂ ಇರಲಿಲ್ಲ. ಆದರೂ ದೋಸೆ ಹಂಚಿಗೆ ಅಂಟಿದರೆ ಅಳು. ಮೈಯೆಲ್ಲ ಕಾದು ನಡುರಾತ್ರಿಯಲ್ಲಿ ಎಚ್ಚರ. ಬ್ರಹ್ಮಾವರದ ನನ್ನ ಶಾಲೆಯ ಗೆಳತಿಯರ ವಾಟ್ಸಪ್ ಗುಂಪಿನಲ್ಲಿ ಒಬ್ಬಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳುತ್ತಾಳಂತೆ, ಇನ್ನೊಬ್ಬಳು ಮನೆಯಲ್ಲಿ ಹೇಳದೆ ಕಾರು ಕಲಿಯುತ್ತಿದ್ದಾಳೆ. ಎಲ್ಲರೂ ತನಗೊಬ್ಬಳಿಗೇ ಹೀಗೆ ಎಂದುಕೊಂಡಿದ್ದರು. ಬಸುರಿಯಾಗಿದ್ದಾಗ ದಣಿದರೆ ಅದಕ್ಕೆ ಹೆಸರಿತ್ತು. ಮಗು ಚಿಕ್ಕದು, ಮಗಳ ಪರೀಕ್ಷೆ, ಮಾವನ ಕಾಯಿಲೆ, ಎಲ್ಲದಕ್ಕೂ ಹೆಸರಿತ್ತು. ಅವೆಲ್ಲ ಮುಗಿದ ಮೇಲೆ ಬರುವ ಈ ದಣಿವಿಗೆ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ರಜೆ ಕೇಳುವುದು ಹೇಗೆ?

ಚೌತಿಯಾಗಿ ಎರಡು ವಾರಕ್ಕೆ ಒಂದು ಬೆಳಿಗ್ಗೆ ಸಿಂಕಿನ ತುಂಬ ಬಂಗುಡೆ ಇತ್ತು, ಮಧ್ಯಾಹ್ನ ಊಟಕ್ಕೆ ನೆಂಟರಿದ್ದರು. ಕತ್ತಿ ಕೈಯಲ್ಲಿ ಹಿಡಿದಿದ್ದೆ. ನೀವು ಅರಿಶಿನ ಎಲ್ಲಿ ಎಂದು ಕೇಳಿದಿರಿ. ನಾನು, ಅತ್ತೆ ನಾನು ಹೊರಗೆ ಎಂದೆ. ಬಾಯಿಂದ ತಾನಾಗಿಯೇ ಬಂತು. ಕತ್ತಿ ಇಟ್ಟು ಹಿಂದಿನ ಕೋಣೆಗೆ ಹೋಗಿ ಮಲಗಿದೆ. ಎಪ್ಪತ್ತು ದಾಟಿದ ನೀವು ಅಷ್ಟೂ ಮೀನು ಮಾಡಿದಿರಿ. ಆ ಶಬ್ದ ಕೇಳುತ್ತಾ ನಾನು ನಿದ್ದೆ ಹೋದೆ.

ಸುಳ್ಳು ಒಂದಕ್ಕೇ ನಿಲ್ಲಲಿಲ್ಲ. ತಿಂಗಳಿಗೆ ಒಮ್ಮೆ ಎಂದುಕೊಂಡದ್ದು ಹದಿನೈದು ದಿನಕ್ಕೊಮ್ಮೆ ಆಯಿತು. ನಿಂತದ್ದು ತಿರುಗಿ ಶುರುವಾಗಿ ಹೀಗೆ ಹೋಗುತ್ತಿದೆಯಲ್ಲ ಎಂದು ನಿಮ್ಮ ಮಗ ಹೆದರಿದರು. ಕುಂದಾಪುರದ ಡಾಕ್ಟರಮ್ಮನ ಎದುರು ಇವರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ನಾನು ಸುಳ್ಳು ತಾರೀಖುಗಳನ್ನೇ ಹೇಳಿದೆ. ಕೊಟ್ಟ ಮಾತ್ರೆಗಳನ್ನು ದಾಸವಾಳದ ಬುಡದಲ್ಲಿ ಹೂತೆ. ಅಷ್ಟಾದರೂ ಮುಂದಿನ ಸಲ ಸುಮ್ಮನಿರಬಹುದಿತ್ತು. ಮತ್ತೆ ಹೊರಗೆ ಎಂದೆ. ಮದ್ದಿಗೆ ಬಗ್ಗುವುದಿಲ್ಲವಾದರೆ ಗರ್ಭಕೋಶ ತೆಗೆಯುವ ಮಾತಾಡೋಣ ಎಂದು ಡಾಕ್ಟರಮ್ಮನೂ ಹೇಳಬೇಕಾಯಿತು. ಪದ್ದು ಚಿಕ್ಕಿ ಬಂದು, "ನಂದ್ ತೆಗ್ಸಿ ಹತ್ ವರ್ಷ ಆಯ್ತ್, ಈಗ ಕಾಣ್, ಎಂತ ಕಿರಿಕಿರಿಯೂ ಇಲ್ಲೆ" ಎಂದು ಮುಗಿಸಿಬಿಟ್ಟರು. ದಿನ ಗೊತ್ತಾಯಿತು. ಇವರು ಅಂಗಡಿಗೆ ಜನ ಮಾಡಿ, ಆಸ್ಪತ್ರೆಯಲ್ಲಿ ರೂಮು ಹಿಡಿದು, ಊಟ ಬಿಟ್ಟು ಓಡಾಡುತ್ತಿದ್ದರು. ಮಲಗಬೇಕೆಂದು ಸುಳ್ಳು ಹೇಳಿದೆ ಎಂದು ಆ ಮುಖ ನೋಡಿ ಹೇಳಲು ನನ್ನಿಂದಾಗಲಿಲ್ಲ. ಏನೂ ಆಗದ ಹೊಟ್ಟೆಯನ್ನು ಕೊಯ್ಯಿಸಿಕೊಳ್ಳುವುದೇ ಸುಲಭ ಎನ್ನುವಲ್ಲಿಗೆ ಬಂದಿದ್ದೆ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಸಂಜೆ, ಆಗಲೂ ನಾನು ಸುಳ್ಳೇ ಹೊರಗೆ. ಬ್ಯಾಗಿಗೆ ನೈಟಿ ತುಂಬಿಸುತ್ತಿದ್ದೆ. ನೀವು ಆಗಲೇ ಸಂಜೆಯ ಸ್ನಾನ ಮಾಡಿ ಬಂದಿದ್ದಿರಿ, ಕೂದಲು ಇನ್ನೂ ಒದ್ದೆ. ಬಾಗಿಲಲ್ಲಿ ನಿಲ್ಲುತ್ತೀರಿ ಎಂದುಕೊಂಡೆ. ಒಳಗೆ ಬಂದು ಮಂಚದ ಮೇಲೆ, ನನ್ನ ಪಕ್ಕದಲ್ಲಿ ಕುಳಿತಿರಿ. ನಾನು ಸರಿದು, ಅತ್ತೆ ಮುಟ್ಟಬೇಡಿ, ನಾನು ಹೊರಗೆ ಎಂದೆ. ನೀವು ನನ್ನ ತಲೆಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಿರಿ.

"ಗೊತ್ತಿತ್ ಹೆಣೆ" ಎಂದಿರಿ. "ನೀ ಎಷ್ಟ್ ಹೊರಗ್ ಅಂದೇಳಿ ನಂಗ್ ಮೊದ್ಲಿಂದ್ಲೂ ಗೊತ್ತಿತ್."

ಸ್ವಲ್ಪ ಹೊತ್ತಿನ ಮೇಲೆ ಎದ್ದಿರಿ. ತಿರುಗಿ ಸ್ನಾನಕ್ಕೆ ಹೋಗಲಿಲ್ಲ. ನನ್ನನ್ನು ಮುಟ್ಟಿದ ಅದೇ ಸೀರೆಯಲ್ಲಿ ನೇರವಾಗಿ ದೇವರ ಕೋಣೆಗೆ ಹೋಗಿ ದೀಪ ಹಚ್ಚಿದಿರಿ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹೊರಬಂದು ಕೇಳಿದ್ದು ಒಂದೇ, "ಮಗನತ್ರ ನೀ ಹೇಳ್ತ್ಯಾ, ನಾ ಹೇಳ್ಕಾ?"

ನಾನೇ ಹೇಳುತ್ತೇನೆ ಎಂದೆ. ಹೇಳಿದೆ. ಇವರು ಬಯ್ಯುತ್ತಾರೆ ಎಂದು ಕಾದೆ. ಕೊನೆಗೆ, "ರಜಿ ಬೇಕಿದ್ರೆ ಕೇಂಬುಕ್ ಆತಿರ್ಲಿಲ್ಯಾ?" ಎಂದರು. ಯಾವುದರಿಂದ ರಜೆ ಎಂದು ಕೇಳಲಿ ಎಂದೆ. ಮರುದಿನ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವರು ಪೆನ್ನು ಕೆಳಗಿಟ್ಟು, ಇವರನ್ನು ಹೊರಗೆ ಕಳಿಸಿ, ನಿದ್ದೆ ಹೇಗೆ, ಮೈ ಕಾಯುತ್ತದಾ, ಅಳು ಬರುತ್ತದಾ ಎಂದು ಒಂದೊಂದಾಗಿ ವಿಚಾರಿಸಿದರು. ಅದನ್ನೆಲ್ಲ ನನ್ನನ್ನು ಕೇಳಿದವರು ಅವರೇ ಮೊದಲು.

ನೀವು ಮುಂಬೈಗೆ ಹೊರಡುವ ಮೊದಲು ಮಗನನ್ನು ಕರೆದು, ತಿಂಗಳಿಗೆ ಮೂರು ದಿನ ಅವಳು ಹಿಂದಿನ ಕೋಣೆಯಲ್ಲಿ ಇರುತ್ತಾಳೆ, ಯಾಕೆ ಏನು ಎಂದು ಕೇಳಬೇಡ ಎಂದಿರಂತೆ. ಇವತ್ತು ಅದರ ಎರಡನೆಯ ದಿನ. ಇವರು ಮಾಡಿದ ಸಾರು ನೀರು ನೀರು, ಗಂಜಿ ಮಾತ್ರ ಗಟ್ಟಿ. ನಾನು ಕಿಟಕಿಯಿಂದ ಮೀನಿನ ಟೆಂಪೋಗಳು ಹೋಗುವುದನ್ನು ನೋಡುತ್ತೇನೆ, ಬೇರೇನೂ ಮಾಡುವುದಿಲ್ಲ. ನೀವು ನನಗೆ ಬುದ್ಧಿ ಹೇಳಬಹುದಿತ್ತು, ಮಗನ ಎದುರು ನಿಲ್ಲಿಸಬಹುದಿತ್ತು. ಪಕ್ಕದಲ್ಲಿ ಬಂದು ಕುಳಿತಿರಿ. ಅದಕ್ಕೆ ಏನೆಂದು ಥ್ಯಾಂಕ್ಸ್ ಹೇಳುವುದೋ ಗೊತ್ತಾಗದೆ ಎರಡು ತಿಂಗಳು ಕಳೆದೆ.

ಕಣ್ಣಿಗೆ ಹೊಗೆ ತಾಗಿಸಬೇಡಿ. ಬೇಗ ಬನ್ನಿ.

ನಿಮ್ಮ
ವಿನಯಾ

ಮತ್ತೆ: ಅಂಚೆಗೆ ಹಾಕುವುದು ಒಂದು ವಾರ ತಡವಾಯಿತು. ಅಷ್ಟರಲ್ಲಿ, ಎಂಟು ತಿಂಗಳ ಮೇಲೆ, ನಿನ್ನೆ ನನಗೆ ನಿಜವಾಗಿಯೇ ಮುಟ್ಟಾಯಿತು. ಡಾಕ್ಟರಮ್ಮನಿಗೆ ಫೋನು ಮಾಡಿದೆ. ಈ ವಯಸ್ಸಿನಲ್ಲಿ ಹೀಗೆ ನಿಂತು ಬರುವುದು ಉಂಟು, ಆದರೂ ಒಮ್ಮೆ ತೋರಿಸಿ ಹೋಗಿ ಎಂದರು, ನಾಳೆ ಹೋಗುತ್ತೇವೆ. ಇವರಿಗೆ ಹೇಳಿದೆ, ಸುಳ್ಳೋ ನಿಜವೋ ಎಂದು ಅವರು ಕೇಳಲಿಲ್ಲ. ನಿಮಗೆ ತಿಳಿಸದೆ ಇರಬಾರದು: ನಾನು ಅಡುಗೆಮನೆಯಲ್ಲೇ ಇದ್ದೇನೆ, ಒಲೆಯ ಮೇಲೆ ಬಂಗುಡೆ ಕುದಿಯುತ್ತಿದೆ. ಈ ತಿಂಗಳ ರಜೆ ಹೋದ ವಾರವೇ ಮುಗಿದಿತ್ತಲ್ಲ.