ಆರನೆಯ ಡಬ್ಬಿ

ಸಿಂದಗಿ
ಶನಿವಾರ, 9-2-1974

ಪ್ರೀತಿಯ ಅನಂತಣ್ಣನಿಗೆ ನಲಿನಿಯ ನಮಸ್ಕಾರ.

ನಿನ್ನ ಬೆನ್ನುನೋವು ಹೇಗಿದೆ? ಪುಣೆಯ ಚಳಿಗೆ ಮತ್ತೆ ಎದ್ದಿದೆಯೆಂದು ವೈನಿ ಬರೆದಿದ್ದರು. ಬಿಸಿನೀರಿನ ಶಾಖ ಬಿಡಬೇಡ. ಅಪ್ಪನ ಕಣ್ಣು ಈಗ ಪೂರ್ತಿ ಮಂಜು. ಪತ್ರಗಳನ್ನೆಲ್ಲ ನಾನೇ ಓದಿ ಹೇಳುತ್ತೇನೆ. ಮೂಗು ಮಾತ್ರ ಮೊದಲಿನಷ್ಟೇ ಚುರುಕು. ಅಡಿಗೆಮನೆಯಲ್ಲಿ ಒಗ್ಗರಣೆ ಸೀದರೆ ನನಗಿಂತ ಮುಂಚೆ ಅವರಿಗೆ ಗೊತ್ತಾಗುತ್ತದೆ.

ಗುರುವಾರ ಅವರಿಗೆ ಎಂಬತ್ತು ತುಂಬಿತು. ರಜೆ ಸಿಗಲಿಲ್ಲವೆಂದು ನೀನು ತಾರು ಕಳಿಸಿದೆ. ಅಂದು ಆರನೆಯ ಡಬ್ಬಿ ತೆರೆಯುವವರಿದ್ದರೆಂಬುದು ನಿನಗೆ ಗೊತ್ತಿತ್ತು. ಭೀಮಾ ನದಿಯ ಸೇತುವೆ ಕೆಲಸ ಮುಗಿಸಿ ವಿಲಾಯತಿಗೆ ಹೊರಟ ಇಂಜಿನಿಯರ್ ಸಾಹೇಬ, ತನ್ನ ಕಾರಕೂನನಾಗಿದ್ದ ಅಪ್ಪನಿಗೂ ಮೋಟಾರು ನಡೆಸುತ್ತಿದ್ದ ಜೈನುದ್ದೀನ ಕಾಕಾನಿಗೂ ಸೇರಿಸಿ ಆರು ಡಬ್ಬಿ ಪೈಪಿನ ತಂಬಾಕು ಕೊಟ್ಟಿದ್ದ. ಐದನ್ನು ಇಬ್ಬರೂ ಕೂಡಿ ಸೇದಿದರು. ಆರನೆಯದನ್ನು ಅಪ್ಪನ ಎಂಬತ್ತಕ್ಕೆಂದು ಅವರ ಟ್ರಂಕಿನಲ್ಲಿ ಮುಚ್ಚಿಟ್ಟರು. ಗಾಳಿ ತಾಗದೆ ಕೂತಷ್ಟೂ ಒಳ್ಳೆಯ ತಂಬಾಕು ಕಪ್ಪಾಗಿ ಒಣದ್ರಾಕ್ಷಿಯ ವಾಸನೆಗೆ ತಿರುಗುತ್ತದೆ ಎಂದು ಅಪ್ಪ ಹೇಳುತ್ತಿದ್ದರೆ, ನಾವಿಬ್ಬರೂ ಆ ಡಬ್ಬಿಯನ್ನು ಮೂಗಿಗೆ ಹಿಡಿದು ನಗುತ್ತಿದ್ದೆವು, ನೆನಪಿದೆಯೇ?

ಕಾಕಾ ದೇವಣಗಾಂವದಿಂದ ಮೊದಲ ಬಸ್ಸಿಗೇ ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. “ನಾಲ್ಗಿ ಸ್ವಚ್ಛ ಇರ್ಲಿ ಅಂತ ವಾರದಿಂದ ಬೀಡಿ ಮುಟ್ಟಿಲ್ಲವ್ವಾ” ಅಂದರು. ಅಪ್ಪ ಡಬ್ಬಿಯನ್ನು ನನ್ನ ಕೈಗಿತ್ತರು. ಮುಚ್ಚಳದ ಸುತ್ತಲಿನ ಕಾಗದದ ಪಟ್ಟಿ ಉಗುರು ತಾಗಿಸಿದ ಕೂಡಲೇ ಬಿಚ್ಚಿಕೊಂಡಿತು. ಒಳಗಿದ್ದದ್ದು ಬೆಲ್ಲದ ನೀರು ಚಿಮುಕಿಸಿದ ಸಂತೆಯ ತಂಬಾಕು. ಇಬ್ಬರೂ ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು. ನಾನು ಏನು ಮಾಡಲಿ? ಪೈಪಿಗೆ ಅದನ್ನೇ ತುಂಬಿಕೊಟ್ಟೆ.

ಅಪ್ಪ ಎರಡು ಸಲ ಎಳೆದು ಪೈಪನ್ನು ಕಾಕಾನ ಕೈಗೆ ದಾಟಿಸಿದರು. ಕಾಕಾ ಎಳೆದರು, ಕೆಮ್ಮಿದರು, ನನ್ನ ಮುಖ ನೋಡಿದರು. “ಭಾಳ ಛಲೋ ಐತ್ರಿ ರಾಯರ” ಅಂದರು. ಊಟಕ್ಕೂ ನಿಲ್ಲದೆ, ಮಧ್ಯಾಹ್ನದ ಬಸ್ಸಿಗೇ ಹೊರಟುಹೋದರು.

ಆಮೇಲೆ ವೈನಿಯ ದೀಪಾವಳಿ ಪತ್ರ ತೆಗೆದು ಮತ್ತೆ ಓದಿದೆ. ‘ಇವರು ಕೊಟ್ಟ ಹಳೇ ತಂಬಾಕಿಗೆ ಆಫೀಸಿನ ಸಾಹೇಬರು ಮರುಳಾಗಿದ್ದಾರೆ, ಬಡ್ತಿಯೂ ಆಯಿತು’ ಎಂದಿತ್ತು. ಅಲ್ಲೇ ಪುಣೆಯಲ್ಲಿ ಕೊಂಡಿರಬೇಕೆಂದು ಆಗ ನಾನು ಖುಷಿಪಟ್ಟಿದ್ದೆ. ನವರಾತ್ರಿಗೆ ಬಂದವನು ಹಳೇ ಕಾಗದ ಹುಡುಕುತ್ತೇನೆಂದು ಅಪ್ಪನ ಟ್ರಂಕಿನ ಮುಂದೆ ಅರ್ಧ ದಿನ ಕೂತಿದ್ದೆಯಲ್ಲ, ನಾನೇ ನಿನಗೆ ಚಹಾ ತಂದುಕೊಟ್ಟಿದ್ದೆ.

ಕೇಳಿದ್ದರೆ ಅಪ್ಪ ತಾವೇ ಎತ್ತಿ ಕೊಡುತ್ತಿದ್ದರು, ಅಣ್ಣಾ. ಒಯ್ದದ್ದನ್ನು ಹೇಗೋ ಮರೆತೇನು. ಮುದುಕನಿಗೆ ಎಲ್ಲಿ ಕಾಣುತ್ತದೆ ಅಂದುಕೊಂಡು, ಕೂತು ಬೆಲ್ಲ ಕದಡಿದೆಯಲ್ಲ, ಅದನ್ನು ಮರೆಯಲಾರೆ.

ವೈನಿಯನ್ನು ಬೈಯಬೇಡ, ಪಾಪ, ಅವರಿಗೇನೂ ತಿಳಿಯದು. ಮಕ್ಕಳಿಗೆ ನನ್ನ ಮುದ್ದು.

ನಿನ್ನ ತಂಗಿ,
ನಲಿನಿ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಕರೆದರು. “ಅನಂತಗ ಬರಿಯಾಕತ್ತೀಯೇನು? ತಂಬಾಕ ಭಾಳ ಛಲೋ ಇತ್ತು ಅಂತ ಬರಿ. ಮತ್ತೇನೂ ಬರೀಬ್ಯಾಡ” ಅಂದರು. ಅವರಿಗೆ ಎಲ್ಲ ಗೊತ್ತಾಗಿದೆ. ಹೂಂ ಅಂದೆ, ಆದರೆ ಬರೆದದ್ದನ್ನು ಹರಿಯಲು ಕೈ ಬರಲಿಲ್ಲ. ಒಂದೇ ಬೇಡಿಕೆ: ತಂಬಾಕಿನ ಸುದ್ದಿ ಕೇಳಿ ಸಂತೋಷವಾಯಿತೆಂದು ಮಾತ್ರ ಅವರಿಗೆ ಉತ್ತರ ಬರೆಯಬೇಡ. ಅದನ್ನು ಗಟ್ಟಿಯಾಗಿ ಓದಬೇಕಾದವಳು ನಾನು.