ಬಟನ್ ಯೋಚನೆ ಮಾಡುತ್ತದೆ

ಶುಕ್ರವಾರ, ಮಧ್ಯಾಹ್ನ
ಆಫೀಸಿನ ಊಟದ ಕೋಣೆಯಿಂದ

ಪ್ರೀತಿಯ ಮೊಂಡನಿಗೆ,

ಅಕ್ಕನ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ. ಯಾವುದು ಎಷ್ಟು ಬೇಕೋ ನೀನೇ ಬಡಿಸಿಕೋ.

ಈ ಕಾಲದಲ್ಲೂ ಕಾಗದವೇ ಎಂದು ನಗಬೇಡ. ಫೋನ್ ಮಾಡಿದರೆ ಸ್ವಿಚ್ ಆಫ್, ಮೆಸೇಜ್ ಹಾಕಿದರೆ ನೋಡುವವರಿಲ್ಲ. ನಿನ್ನ ಹೆಂಡತಿಯನ್ನು ಕೇಳಿದೆ. ಜನ ಬೈದು ಬೈದು ಕಳಿಸುವುದನ್ನು ನೋಡಲಾರದೆ ಫೋನನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಹೂತಿಟ್ಟಿದ್ದಾರೆ ಎಂದಳು. ಕಾಗದಕ್ಕಾದರೆ ಯಾರೂ ಕಾಮೆಂಟ್ ಹಾಕುವುದಿಲ್ಲ. ಎದುರಿಗೇ ಬಂದು ಹೇಳಬಹುದಿತ್ತು. ಆದರೆ ಎದುರು ಕೂತರೆ ನೀನು ಏನಾದರೊಂದು ತಮಾಷೆ ಮಾಡುತ್ತೀಯ, ನಾನು ನಕ್ಕುಬಿಡುತ್ತೇನೆ, ಮಾತು ಅಲ್ಲಿಗೇ ಹಾರಿಹೋಗುತ್ತದೆ. ಈ ಸಲ ಹಾಗಾಗಬಾರದು.

ಮೊದಲು ಆಫೀಸಿನ ಸುದ್ದಿ ಹೇಳುತ್ತೇನೆ. ನಮ್ಮ ವಿಡಿಯೋ ಗೇಮ್ ‘ತುಕ್ಕುಗ್ರಹ’ದ ಎರಡನೇ ಭಾಗ ಬಿಡುಗಡೆಯಾದಂದಿನಿಂದ ಕಂಪನಿಯ ಯಜಮಾನರು ವಿಮರ್ಶೆಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಕಾಫಿ ಮೆಷಿನ್ನಿನ ಪಕ್ಕದ ಗೋಡೆಗೆ ಅಂಟಿಸುತ್ತಿದ್ದಾರೆ. ಮೊದಲ ಭಾಗಕ್ಕಿಂತ ಕಷ್ಟ, ಆದರೆ ಮೋಸವಿಲ್ಲ ಎಂದು ಎಲ್ಲರದೂ ಒಂದೇ ರಾಗ. ಸತ್ತಾಗಲೆಲ್ಲ ತಪ್ಪು ತನ್ನದೇ ಎಂದು ಗೊತ್ತಾಗುತ್ತಿತ್ತು, ಅದಕ್ಕೇ ಆಟದ ಮೇಲೆ ಸಿಟ್ಟು ಬರಲಿಲ್ಲ ಎಂದು ಒಬ್ಬ ಬರೆದಿದ್ದಾನೆ. ಮೂರನೇ ಬಾಗಿಲು ಕಾಯುವ ಆರು ಕೈಯ ಯಂತ್ರದ ಹತ್ತಿರ ಏಟು ತಿಂದೂ ತಿಂದೂ ಸಾಕಾಗಿ, ‘ಕೊನೆಗೆ ಗೆದ್ದೆ, ಗೆದ್ದು ಅತ್ತೆ’ ಎಂದು ಇನ್ನೊಬ್ಬಳು. ಇದನ್ನು ಓದಿ ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು. ಏಕೆಂದರೆ ಆ ಯಂತ್ರಕ್ಕೆ ಆಟದೊಳಗೆ ಎಂಥದೋ ಭಾರಿ ಹೆಸರಿದ್ದರೂ ನಾವೆಲ್ಲ ಕರೆಯುವುದು ‘ಅತ್ತೆ’ ಎಂದೇ. ಏನು ಮಾಡಿದರೂ ತಪ್ಪು ಹುಡುಕುತ್ತದೆ, ಬೆನ್ನು ತಿರುಗಿಸಿದರೆ ಕಥೆ ಮುಗಿಯಿತು.

ಆ ಅತ್ತೆಯ ಏಟು ಯಾವ ಗಳಿಗೆಯಲ್ಲಿ ಬೀಳಬೇಕು, ತಪ್ಪಿಸಿಕೊಳ್ಳಲು ಆಡುವವರಿಗೆ ಎಷ್ಟು ಅವಕಾಶ ಕೊಡಬೇಕು ಎಂದು ನಿಗದಿ ಮಾಡುವುದೇ ನನ್ನ ಕೆಲಸ. ಏಟು ಬಲಗಡೆಯಿಂದ ಬಂದರೆ ಬಲಗೈಯ ಬಟನ್, ಎಡದಿಂದ ಬಂದರೆ ಎಡಗೈಯ ಬಟನ್. ಇಷ್ಟೇ ಆಟ. ಇಷ್ಟಕ್ಕೇ ನಾನು ಎರಡು ವರ್ಷ ಊಟ ನಿದ್ದೆ ಬಿಟ್ಟೆ ಎಂದು ನೀನೇ ಎಷ್ಟೋ ಸಲ ರೇಗಿಸಿದ್ದೀಯ.

ಈ ಮೆರವಣಿಗೆಯ ನಡುವೆ ನಿನ್ನ ವಿಮರ್ಶೆ ಬಂತು. ಹತ್ತಕ್ಕೆ ನಾಲ್ಕು! ಅಕ್ಕ ಮಾಡಿದ ಆಟ ಎಂದು ಸಂಪಾದಕರಿಗೆ ಹೇಳಿ ನೀನು ಇದನ್ನು ಕೈಗೆತ್ತಿಕೊಳ್ಳಲೇಬಾರದಿತ್ತು. ಬೇರೆ ಯಾರೂ ಸಿಗಲಿಲ್ಲ ಎಂದು ಅವರು ಗೋಗರೆದಿರಬೇಕು, ಹೋಗಲಿ ಬಿಡು. ಅಕ್ಕನೆಂಬ ದಾಕ್ಷಿಣ್ಯ ಎಲ್ಲೂ ಕಾಣಲಿಲ್ಲ, ಅದಕ್ಕೆ ಶಭಾಷ್. ಮೂರನೇ ಬಾಗಿಲು ದಾಟಲು ನನ್ನಿಂದ ಆಗಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದೆಯಲ್ಲ, ಜನ ನಿನ್ನ ಮೇಲೆ ಮುಗಿಬಿದ್ದದ್ದು ಅದಕ್ಕೇ. ಮುದುಕನಾದೆ, ಮನೆಯಲ್ಲಿ ಕೂತು ಮೊಮ್ಮಕ್ಕಳನ್ನು ಆಡಿಸು ಎನ್ನುವ ಮಾತುಗಳನ್ನು ನಾನೂ ಓದಿದೆ. ನಲವತ್ತೂ ತುಂಬದವನಿಗೆ! ನಮ್ಮ ಯಜಮಾನರು ನಿನ್ನ ವಿಮರ್ಶೆಯನ್ನು ಕಸದ ಬುಟ್ಟಿಯ ಮೇಲುಗಡೆಯೇ ಅಂಟಿಸಿ, ‘ಅರ್ಧ ಆಟಾನೂ ಆಡ್ದೋನು ಮಾರ್ಕ್ಸ್ ಕೊಡೋಕೆ ಬಂದ್ಬಿಟ್ಟ’ ಎಂದರು. ನೀನು ನನ್ನ ತಮ್ಮ ಎಂದು ಅವರಿಗೆ ಗೊತ್ತಿಲ್ಲ. ನಾನೂ ಬಾಯಿ ಬಿಡಲಿಲ್ಲ.

ನಿಜ ಹೇಳುತ್ತೇನೆ, ನನಗೂ ಮೈಯೆಲ್ಲ ಉರಿದುಹೋಯಿತು. ಕಥೆ ಚೆನ್ನಾಗಿಲ್ಲ ಎನ್ನು, ಸಂಗೀತ ಕರ್ಕಶ ಎನ್ನು, ಕೇಳಿಸಿಕೊಳ್ಳುತ್ತೇನೆ. ನೀನು ಕೈಯಿಟ್ಟದ್ದು ಬಟನ್ನಿನ ಮೇಲೆ. ಬೇರೆ ಯಾವ ವಿಮರ್ಶಕನೂ ಅದರ ಬಗ್ಗೆ ಒಂದು ಕೊಂಕು ಮಾತು ಆಡಿಲ್ಲ. ಬಟನ್ನಿನ ಕೆಲಸ ನೋಡಿಕೊಳ್ಳುವವಳು ಮಾತೇ ಆಡದ ಒಬ್ಬಳು ಹುಡುಗಿ. ನಿನ್ನ ವಿಮರ್ಶೆ ಓದಿದ ದಿನದಿಂದ ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಕ್ಯಾಮೆರಾದಲ್ಲಿ ಹಿಡಿದು, ನಿಧಾನವಾಗಿ ಓಡಿಸಿ ನೋಡಿದ್ದೇ ನೋಡಿದ್ದು. ಒತ್ತುವುದಕ್ಕೂ ಪರದೆಯ ಮೇಲೆ ಕಾಣುವುದಕ್ಕೂ ನಡುವೆ ಎಲ್ಲೂ ತಡವಿಲ್ಲ. ಆದರೂ ಯಜಮಾನರು ದಿನವೂ ಅವಳನ್ನು ಕರೆದು ವಿವರಣೆ ಕೇಳುತ್ತಿದ್ದಾರೆ. ನಿನ್ನೆ ಕೈ ತೊಳೆಯುವ ಜಾಗದಲ್ಲಿ ಸಿಕ್ಕಿ, ‘ಅಕ್ಕಾ, ಎಲ್ಲೋ ನಂದೇ ತಪ್ಪಿರ್ಬೇಕು, ನಂಗೆ ಕಾಣಿಸ್ತಿಲ್ಲ ಅಷ್ಟೇ’ ಎಂದು ಕಣ್ಣೊರೆಸಿಕೊಂಡಳು. ಆ ಸಿಟ್ಟಿನಲ್ಲೇ, ನಿನಗೆ ಸರಿಯಾಗಿ ಉಗಿಯಬೇಕೆಂದು ಗೋಡೆಯ ಮುಂದೆ ನಿಂತು ನಿನ್ನ ವಿಮರ್ಶೆಯನ್ನು ಇನ್ನೊಂದು ಸಲ ಓದಿದೆ.

‘ಎಡಗಡೆಯ ಬಟನ್ ಒತ್ತಿದರೆ ಅದು ಯೋಚನೆ ಮಾಡುತ್ತದೆ. ಯೋಚನೆ ಮುಗಿಯುವಷ್ಟರಲ್ಲಿ ನೀವು ಸತ್ತಿರುತ್ತೀರಿ.’

ಎಲ್ಲರೂ ನಕ್ಕ ಸಾಲು ಇದು. ನಾನು ಅದನ್ನೇ ಮತ್ತೆ ಓದಿದೆ. ಮೊಂಡ, ಈ ಮಾತು ನಿನ್ನದಲ್ಲ. ಎಲ್ಲಿಂದ ಬಂತು ಎಂದು ನಿನಗೆ ಹೊಳೆದೇ ಇಲ್ಲವೆಂದು ಕಾಣುತ್ತದೆ. ಇದು ಅಪ್ಪನ ಮಾತು.

ನೀನು ಆಗ ಚಿಕ್ಕವನು. ಅಪ್ಪ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಮನೆಗೆ ಬಂದು, ಊಟಕ್ಕೆ ಕೂತು, ಅಮ್ಮನಿಗೆ ಹೇಳುತ್ತಿದ್ದರು: ‘ಬ್ರೇಕು ಯಾಕೋ ಸರಿಯಿಲ್ಲ ಕಣೇ. ತುಳಿದ್ರೆ ಯೋಚನೆ ಮಾಡುತ್ತೆ.’ ಬ್ರೇಕಿಗೂ ತಲೆ ಇರುತ್ತಾ ಎಂದು ನೀನು ಕೇಳಿದ್ದೆ, ಎಲ್ಲರೂ ನಕ್ಕಿದ್ದೆವು. ಡಿಪೋದ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದ, ಎಣ್ಣೆ ಬದಲಿಸಿದ, ತಾನೇ ಬಸ್ಸು ಓಡಿಸಿಕೊಂಡು ಬಂದು ಏನೂ ಆಗಿಲ್ಲ ಎಂದ. ಅಪ್ಪ ಅವನ ಕೊರಳಪಟ್ಟಿ ಹಿಡಿದರು. ಇಷ್ಟು ವರ್ಷದ ಸರ್ವಿಸ್ ನನ್ನದು, ನನಗೇ ಹೇಳಿಕೊಡುತ್ತೀಯಾ ಎಂದು ಕೂಗಾಡಿದರಂತೆ. ಆಮೇಲೆ ಮಾರ್ಕೆಟ್ಟಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಸಾಲಿನಲ್ಲಿ ನಿಂತಿದ್ದ ತಾಯಿ ಮಗಳಲ್ಲಿ ಮಗಳು ಮಾತ್ರ ಉಳಿದಳು.

ಬ್ರೇಕ್ ಸರಿಯಿಲ್ಲ ಎಂದು ಮೊದಲೇ ಹೇಳಿದ್ದೆ ಎಂದರು ಅಪ್ಪ. ಒಳ್ಳೆಯ ಡ್ರೈವರ್ ಎಂದು ಎಲ್ಲರೂ ಅವರ ಮಾತನ್ನೇ ನಂಬಿದರು. ಕೆಲಸ ಹೋದದ್ದು ಮೆಕ್ಯಾನಿಕ್‌ನದು. ಎಷ್ಟೋ ಕಾಲದ ಮೇಲೆ, ಅಪ್ಪನ ಕೈಯಲ್ಲಿ ಚಮಚ ನಿಲ್ಲದಂತಾಗಿ, ಅಮ್ಮ ತುತ್ತು ಮಾಡಿ ತಿನ್ನಿಸುವ ಸ್ಥಿತಿ ಬಂದ ಮೇಲೆ ವೈದ್ಯರು ಹೇಳಿದರು, ಈ ಕಾಯಿಲೆ ಮೊದಲು ಹಿಡಿದದ್ದು ಕಾಲಿಗಿರಬೇಕು, ಅದೂ ಬಹಳ ಹಿಂದೆಯೇ ಎಂದು. ಅಪ್ಪನ ಮುಖ ನೋಡಿದೆ. ಅವರಿಗೆ ಅರ್ಥವಾಗಿತ್ತು. ಮಾತು ಆಗಲೇ ನಿಂತುಹೋಗಿದ್ದರಿಂದ ಏನೂ ಹೇಳಲಾಗಲಿಲ್ಲ, ಕಣ್ಣಲ್ಲಿ ನೀರು ಇಳಿಯಿತು ಅಷ್ಟೇ. ಆ ಮುಖ ನಾನು ಇವತ್ತಿಗೂ ಮರೆತಿಲ್ಲ.

ಅದೇ ದಿನ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ವೈದ್ಯರು ಹೇಳಿದ್ದು ನಿನಗೂ ನೆನಪಿದೆ. ಇದು ರಕ್ತದಲ್ಲಿ ಬರುವ ಕಾಯಿಲೆ, ಮಕ್ಕಳಿಗೆ ಬರಬಹುದು, ಬಾರದೆಯೂ ಇರಬಹುದು, ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ ಎಂದರು. ನೀನು ಎದ್ದು ನಿಂತು, ‘ತಿಳ್ಕೊಂಡು ಏನ್ ಮಾಡೋದಿದೆ, ಔಷಧಿ ಇದ್ಯಾ?’ ಎಂದೆ. ಇಲ್ಲ ಎಂದರು. ಹಾಗಾದ್ರೆ ಬಿಡಿ ಎಂದು ನೀನು ಹೊರಟೆ, ನಾನೂ ನಿನ್ನ ಹಿಂದೆ ಬಂದೆ. ಅವತ್ತಿನಿಂದ ನಾವು ಆ ಮಾತು ಎತ್ತಿಲ್ಲ. ಈಗ ಎತ್ತುತ್ತಿದ್ದೇನೆ. ಬೇಕಾದರೆ ಸಿಟ್ಟು ಮಾಡಿಕೋ.

ನೀನು ಕಳೆದ ಸಲ ಮನೆಗೆ ಬಂದಾಗ ಎಡಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಏನು ಸ್ಟೈಲಪ್ಪಾ ಎಂದು ರೇಗಿಸಿದೆ, ನೀನೂ ನಕ್ಕೆ. ಲೇಸು ಕಟ್ಟುವ ಬೂಟು ಬಿಟ್ಟು ಚಪ್ಪಲಿಗೆ ಬಂದಿದ್ದೀಯ. ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ ನೋಡುವ ಬುದ್ಧಿ ನನಗೆ ಆಗ ಬರಲಿಲ್ಲ. ವಿಮರ್ಶೆ ಓದಿದ ಮೇಲೆ ಮೊದಲು ಕಣ್ಣಿಗೆ ಕಟ್ಟಿದ್ದು ನಿನ್ನ ಸ್ಕೂಟರ್. ಅದರ ಒಂದು ಬ್ರೇಕು ಎಡಗೈಯಲ್ಲಿ. ಹಿಂದೆ ನಿನ್ನ ಮಗಳು, ಬೆನ್ನಿಗೆ ಬ್ಯಾಗು ಹಾಕಿಕೊಂಡು, ನಿನ್ನ ಸೊಂಟ ಹಿಡಿದು.

ಇವತ್ತು ಬೆಳಿಗ್ಗೆ ನಿನ್ನ ಹೆಂಡತಿಗೆ ಫೋನ್ ಮಾಡಿ, ಸ್ವಲ್ಪ ದಿನ ಮಗುವನ್ನು ನೀನೇ ಬಸ್ಸಿನಲ್ಲಿ ಶಾಲೆಗೆ ಬಿಡು, ಸ್ಕೂಟರ್ ಕೀ ಅವನ ಕೈಗೆ ಕೊಡಬೇಡ ಎಂದೆ. ಯಾಕೆ ಎಂದಳು. ಏನು ಹೇಳಲಿ? ನಿನ್ನ ವಿಷಯ ನಿನಗಿಂತ ಮೊದಲು ಅವಳಿಗೆ ಹೇಳುವ ಹಕ್ಕು ನನಗಿಲ್ಲ. ಬಾಯಿಗೆ ಬಂದ ಸುಳ್ಳು ಹೇಳಿದೆ: ಆ ಸ್ಕೂಟರಿನ ಬ್ರೇಕ್ ಸರಿಯಿಲ್ಲವಂತೆ. ಅದಕ್ಕೆ ಅವಳು, ‘ಹೌದಕ್ಕಾ, ಅವ್ರೂ ಅದನ್ನೇ ಹೇಳ್ತಿದ್ರು. ಮೆಕ್ಯಾನಿಕ್ ಹತ್ರ ತೋರಿಸಿದ್ದೂ ಆಯ್ತು. ಅವ್ನಿಗೆ ಏನೂ ಬರಲ್ಲ, ಬೇರೆಯವ್ರ ಹತ್ರ ಹೋಗ್ಬೇಕು ಅಂತಿದ್ರು’ ಎಂದಳು.

ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ.

ಮೊಂಡ, ಬೇರೆ ಮೆಕ್ಯಾನಿಕ್ ಹುಡುಕಬೇಡ. ಬ್ರೇಕೂ ಸರಿ ಇದೆ, ಬಟನ್ನೂ ಸರಿ ಇದೆ. ನಿನ್ನ ವಿಮರ್ಶೆ ತಿದ್ದು ಎಂದು ನಾನು ಹೇಳುತ್ತಿಲ್ಲ, ಜನರ ಕ್ಷಮೆ ಕೇಳು ಎಂದಂತೂ ಖಂಡಿತ ಹೇಳುವುದಿಲ್ಲ. ನಾಲ್ಕು ಕೊಟ್ಟಿದ್ದೀಯ, ನಾಲ್ಕೇ ಇರಲಿ, ನನ್ನ ಗಂಟೇನೂ ಹೋಗುವುದಿಲ್ಲ. ಆ ಹುಡುಗಿಯ ತಪ್ಪಿಲ್ಲ ಎಂದು ಯಜಮಾನರಿಗೆ ನಾನೇ ಹೇಳುತ್ತೇನೆ. ಅವಳನ್ನು ಇನ್ನೊಬ್ಬ ಮೆಕ್ಯಾನಿಕ್ ಮಾಡಲು ಬಿಡುವುದಿಲ್ಲ. ನೀನು ಮಾಡಬೇಕಾದದ್ದು ಇಷ್ಟೇ: ಸ್ಕೂಟರ್ ಮುಟ್ಟಬೇಡ, ಮಂಗಳವಾರ ನನ್ನ ಜೊತೆ ಆಸ್ಪತ್ರೆಗೆ ಬಾ.

ಔಷಧಿ ಇಲ್ಲ ಎಂದು ನನಗೂ ಗೊತ್ತು. ಸುಳ್ಳು ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಆದರೆ ತಿಳಿದುಕೊಂಡು ಏನು ಮಾಡುವುದಿದೆ ಎಂದು ಅವತ್ತು ಕೇಳಿದೆಯಲ್ಲ, ಈಗ ಅದಕ್ಕೆ ಉತ್ತರವಿದೆ. ಮಗಳನ್ನು ಹಿಂದೆ ಕೂರಿಸಿಕೊಳ್ಳದೆ ಇರಬಹುದು. ಅಪ್ಪನಿಗೆ ಆ ಅವಕಾಶ ಸಿಗಲಿಲ್ಲ. ಸಿಕ್ಕಿದ್ದರೆ ಅವರು ಮಾರನೆಯ ದಿನವೇ ಸ್ಟೀರಿಂಗ್ ಬಿಟ್ಟು ಇಳಿಯುತ್ತಿದ್ದರು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ನೀನು ಅವರಿಗಿಂತ ಮೊಂಡನಾದರೂ ಅವರಿಗಿಂತ ಕೆಟ್ಟವನಲ್ಲ.

ಎಲ್ಲ ನನ್ನ ಭ್ರಮೆ ಎಂದು ಗೊತ್ತಾದರೆ ಜೀವಮಾನವಿಡೀ ನನ್ನನ್ನು ಆಡಿಕೊಂಡು ನಗು, ಚಕಾರ ಎತ್ತುವುದಿಲ್ಲ. ಹಾಗೇ ಆಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ನನಗೆ ತುಂಬಾ ಭಯವಾಗಿದೆ ಕಣೋ.

ಮಗುವಿಗೆ ಮುತ್ತು. ನಿನ್ನ ಹೆಂಡತಿಗೆ ಈ ಕಾಗದ ನೀನೇ ಓದಿ ಹೇಳು.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಬಾರದ,
ಅಕ್ಕ

ತಾ.ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಗೋಡೆಯ ಮೇಲಿರುವ ಒಂದು ವಿಮರ್ಶೆಯ ವಿಷಯ ನಿನಗೆ ಹೇಳದೆ ಬಿಟ್ಟಿದ್ದೆ. ಬರೆದವನು ಬಹಳ ಸೂಕ್ಷ್ಮದ ಆಟಗಾರ. ಅತ್ತೆಯ ಏಟುಗಳಲ್ಲಿ ಬಲದಿಂದ ಬರುವವು ನಿರ್ದಯ, ಎಡದಿಂದ ಬರುವವು ಕೂದಲೆಳೆಯಷ್ಟು ನಿಧಾನ, ಎಡಗೈಯ ಮೇಲೆ ಮಾತ್ರ ಈ ಕರುಣೆ ಯಾಕೋ ಎಂದು ಕೇಳಿದ್ದಾನೆ. ಯಜಮಾನರು ಅದನ್ನು ನನ್ನ ಜಾಣತನ ಎಂದು ಎಲ್ಲರೆದುರು ಹೊಗಳಿದರು. ನಾನು ಹೂಂ ಎಂದೆ. ನಾನು ಎಡಕ್ಕೊಂದು ಬಲಕ್ಕೊಂದು ಎಂದು ಅಳತೆ ಇಡಲೇ ಇಲ್ಲ, ಮೊಂಡ. ಪ್ರತಿ ಏಟನ್ನೂ ನಾನೇ ಆಡಿ, ಆಯಾ ಕಡೆಯ ನನ್ನ ಕೈ ಕಷ್ಟಪಟ್ಟು ತಪ್ಪಿಸಿಕೊಳ್ಳುವಷ್ಟಕ್ಕೆ ತಂದು ನಿಲ್ಲಿಸಿದ್ದೆ. ಎರಡೂ ಕಡೆ ಒಂದೇ ಎಂದುಕೊಂಡಿದ್ದೆ. ಮಂಗಳವಾರಕ್ಕೆ ಎರಡು ಹೆಸರು ಬರೆಸಿದ್ದೇನೆ. ದೊಡ್ಡವಳು ನಾನು, ಒಳಗೆ ಮೊದಲು ನಾನೇ ಹೋಗುತ್ತೇನೆ.